ಹದಿಹರೆಯದ ಮಕ್ಕಳಿಗೆ ಒಂದು ಪಾತಿಯಷ್ಟು ನೆಲ ಬಿಟ್ಟುಕೊಡೋಣ

ಮಾನ್ಯ ಸಂಪಾದಕರೇ,

ಶಾಲೆಗಳು ತೆರೆದು ಎರಡು ವಾರಗಳಾಗಿವೆ. ಮೃಗಶಿರಾ ಮಳೆ ಬಿದ್ದು ನೆಲವೂ ಹದಕ್ಕೆ ಬಂದಿದೆ. ದಂಟು, ಬೆಂಡೆ, ಅಲಸಂದೆ, ಹೀರೆ, ಕುಂಬಳದ ಬೀಜ ಊರಲು ವರ್ಷದಲ್ಲಿ ಇದಕ್ಕಿಂತ ಒಳ್ಳೆಯ ಕಾಲ ಇನ್ನೊಂದಿಲ್ಲ. ಎಂಟರಿಂದ ಹತ್ತನೆಯ ತರಗತಿಯವರೆಗಿನ ಮಕ್ಕಳನ್ನು ತರಕಾರಿ ಕೈತೋಟದ ಕಡೆಗೆ ಕರೆತರುವ ಕುರಿತು ಪೋಷಕರಿಗೂ ಶಿಕ್ಷಕರಿಗೂ ಕೆಲವು ಮಾತುಗಳನ್ನು ಹೇಳಬೇಕೆನಿಸಿದೆ. ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ಪ್ರೌಢಶಾಲಾ ವಿಜ್ಞಾನ ಶಿಕ್ಷಕಿಯಾಗಿ ದುಡಿದು ನಿವೃತ್ತಳಾದ ನನಗೆ ಈ ವಿಷಯದಲ್ಲಿ ಸೋತ ಅನುಭವವೂ ಇದೆ, ಕೈಗೂಡಿದ ಅನುಭವವೂ ಇದೆ.

ಪ್ರಾಥಮಿಕ ಶಾಲೆಯ ಪುಟ್ಟ ಮಕ್ಕಳು ಗಿಡಗಳಿಗೆ ನೀರುಣಿಸುವ ಚಿತ್ರಗಳನ್ನು ನಾವು ಆಗಾಗ ನೋಡಿ ಸಂತೋಷಪಡುತ್ತೇವೆ. ಆದರೆ ಅದೇ ಮಕ್ಕಳ ರಟ್ಟೆಗೆ ಗುದ್ದಲಿ ಹಿಡಿಯುವ ಬಲ ಬಂದು, ಒಂದು ಬೆಳೆಯನ್ನು ಮೂರು ತಿಂಗಳು ಬೆನ್ನುಹತ್ತಿ ನೋಡಿಕೊಳ್ಳುವ ತಿಳಿವಳಿಕೆ ಮೂಡುವ ವಯಸ್ಸಿಗೆ ಸರಿಯಾಗಿ ಅವರನ್ನು ತೋಟದಿಂದ ಹೊರಗೆ ಕರೆದುಬಿಡುತ್ತೇವೆ. ವೇಳಾಪಟ್ಟಿಯಲ್ಲಿ ಕಾರ್ಯಾನುಭವಕ್ಕೆಂದು ಅವಧಿ ಇದ್ದರೂ ಎಸ್ಸೆಸ್ಸೆಲ್ಸಿ ಫಲಿತಾಂಶದ ಒತ್ತಡದಲ್ಲಿ ಅದು ಗಣಿತಕ್ಕೋ ಇಂಗ್ಲಿಷಿಗೋ ಹೋಗುತ್ತದೆ. ನಾನೂ ಹಾಗೆ ಆ ಅವಧಿಯನ್ನು ಕೇಳಿ ಪಡೆದು ಹಳೆಯ ಪ್ರಶ್ನೆಪತ್ರಿಕೆಗಳನ್ನು ಬಿಡಿಸಿಸಿದವಳೇ ಆದ್ದರಿಂದ ಸಹೋದ್ಯೋಗಿಗಳನ್ನು ದೂರುವ ಹಕ್ಕು ನನಗಿಲ್ಲ.

ಮನೆಯಲ್ಲಿ ಬೇರೊಂದು ಅಡ್ಡಿಯಿದೆ. ಹೊಲಗೆಲಸದಲ್ಲಿ ಬಾಳು ಸವೆಸಿದ ತಂದೆತಾಯಿಯರು ಪೋಷಕರ ಸಭೆಗಳಲ್ಲಿ ನನಗೆ ಅನೇಕ ಸಲ ಹೇಳಿದ ಮಾತು ಇದು: "ಮಣ್ಣಿನ ಕೆಲಸ ನಮಗೇ ಕೊನೆಯಾಗಲಿ ಮೇಡಂ, ಇವನು ಓದಿ ನೆರಳಲ್ಲಿ ಕೂತು ಉಣ್ಣಲಿ." ಮಳೆ ಕೈಕೊಟ್ಟ ವರ್ಷಗಳನ್ನೂ ಟೊಮೆಟೊವನ್ನು ರಸ್ತೆಗೆ ಸುರಿದು ಬರಿಗೈಯಲ್ಲಿ ಮನೆಗೆ ಬಂದ ದಿನಗಳನ್ನೂ ಕಂಡವರ ಬಾಯಿಂದ ಬರುವ ಈ ಮಾತಿಗೆ ಎದುರಾಡುವುದು ಸುಲಭವಲ್ಲ, ಎದುರಾಡಲೂ ಬಾರದು. ಅವರಿಗೆ ನಾನು ಹೇಳುತ್ತಿದ್ದುದು ಇಷ್ಟೇ: ನಿಮ್ಮ ಮಗನನ್ನು ರೈತನಾಗು ಎಂದು ನಾವು ಒತ್ತಾಯಿಸುತ್ತಿಲ್ಲ, ಆದರೆ ನೀವು ಬಲ್ಲ ವಿದ್ಯೆ ಒಂದಿಷ್ಟೂ ಅವನ ಕೈಗೆ ದಾಟದೆ ಹೋದರೆ, ನಾಳೆ ಅವನು ಎಷ್ಟೇ ಓದಿದರೂ ನೀವು ಏನು ಮಾಡುತ್ತಿದ್ದಿರಿ ಎಂಬುದೇ ಅವನಿಗೆ ಅರ್ಥವಾಗದು.

ಮೊದಲು ಸೋತ ಕತೆ. ನಮ್ಮ ಶಾಲೆಯ ಹಿಂಭಾಗದ ಕೆಮ್ಮಣ್ಣಿನ ಜಾಗದಲ್ಲಿ ನಾನು ಮೊದಲು ಮಾಡಿಸಿದ್ದು ಇಡೀ ಶಾಲೆಗೆ ಒಂದೇ ತೋಟ. ಯಾವ ದಿನ ಯಾರು ನೀರು ಹಾಕಬೇಕು, ಯಾರು ಕಳೆ ತೆಗೆಯಬೇಕು ಎಂದು ಪಟ್ಟಿ ಬರೆದು ಗೋಡೆಗೆ ಅಂಟಿಸಿದೆ. ಸಾಲದ್ದಕ್ಕೆ, ತಡವಾಗಿ ಬಂದವರಿಗೆ ಹತ್ತು ಬಿಂದಿಗೆ ನೀರು ಹೊರುವ ಶಿಕ್ಷೆಯನ್ನೂ ಇಟ್ಟೆ. ಆಗಸ್ಟ್ ಹೊತ್ತಿಗೆ ತೋಟದಲ್ಲಿ ಗರಿಕೆಯೂ ಪಾರ್ಥೇನಿಯಮ್ಮೂ ಬಿಟ್ಟರೆ ಏನೂ ಉಳಿಯಲಿಲ್ಲ. ಎಲ್ಲರದೂ ಆದ ತೋಟ ಯಾರದೂ ಆಗಿರಲಿಲ್ಲ; ಮೇಲಾಗಿ, ಗಿಡಕ್ಕೆ ನೀರು ಹಾಕುವುದೇ ಶಿಕ್ಷೆಯೆಂದು ನಾನೇ ಮಕ್ಕಳಿಗೆ ಕಲಿಸಿದ್ದೆ. ಆ ತಪ್ಪು ಇಂದಿಗೂ ನನ್ನನ್ನು ಚುಚ್ಚುತ್ತದೆ. ಈ ಪತ್ರವನ್ನು ಓದುವ ಶಿಕ್ಷಕರು ಬೇರೇನನ್ನು ಮರೆತರೂ ಇದೊಂದನ್ನು ಮರೆಯದಿರಲಿ ಎಂದು ಕೈಮುಗಿದು ಕೇಳುತ್ತೇನೆ: ತೋಟದ ಕೆಲಸವನ್ನು ಎಂದಿಗೂ ದಂಡನೆಯಾಗಿ ಬಳಸಬೇಡಿ.

ಮರುವರ್ಷ ಅದೇ ಜಾಗವನ್ನು ನಾಲ್ಕು ಅಡಿ ಅಗಲ, ಎಂಟು ಅಡಿ ಉದ್ದದ ಪಾತಿಗಳಾಗಿ ವಿಂಗಡಿಸಿ ಒಂಬತ್ತನೆಯ ತರಗತಿಯ ಇಬ್ಬಿಬ್ಬರಿಗೆ ಒಂದೊಂದನ್ನು ಬಿಟ್ಟುಕೊಟ್ಟೆವು. ಏನು ಬಿತ್ತಬೇಕು, ಯಾವಾಗ ಕೀಳಬೇಕು, ಬಂದದ್ದನ್ನು ಮನೆಗೆ ಒಯ್ಯಬೇಕೋ ಬಿಸಿಯೂಟದ ಅಡುಗೆಮನೆಗೆ ಕೊಡಬೇಕೋ ಎಂಬುದೆಲ್ಲ ಅವರ ತೀರ್ಮಾನ. ಕೇಳಿದರೆ ಮಾತ್ರ ನಾವು ಸಲಹೆ ಕೊಡುವುದು ಎಂದು ಶಿಕ್ಷಕರೆಲ್ಲ ಒಪ್ಪಿಕೊಂಡೆವು. ಹದಿನಾಲ್ಕರ ಪ್ರಾಯದವರಿಗೆ ಅಪ್ಪಣೆ ಸೇರುವುದಿಲ್ಲ. ಆದರೆ ತಮ್ಮನ್ನು ನಂಬಿ ಒಂದು ಹೊಣೆಯನ್ನು ಪೂರ್ತಿಯಾಗಿ ಒಪ್ಪಿಸಿದರೆ ಅವರು ಅದನ್ನು ಎಷ್ಟು ಗಂಭೀರವಾಗಿ ತೆಗೆದುಕೊಳ್ಳುತ್ತಾರೆಂಬುದನ್ನು ಆ ಮುಂಗಾರಿನಲ್ಲಿ ಕಣ್ಣಾರೆ ಕಂಡೆ. ಹೆಚ್ಚಿನವರು ಮೆಂತ್ಯ, ದಂಟು, ಕೊತ್ತಂಬರಿ ಹಾಕಿದರು. ಮೆಂತ್ಯವಾಗಲಿ ದಂಟಾಗಲಿ ಬಿತ್ತಿದ ನಾಲ್ಕು ವಾರಗಳಲ್ಲಿ ಕೈಗೆ ಬರುವುದರಿಂದ ಹೊಸಬರಿಗೆ ಅದೇ ಒಳ್ಳೆಯ ಆರಂಭ.

ಕೊನೆಯ ಬೆಂಚಿನಲ್ಲಿ ಕೂರುತ್ತಿದ್ದ, ತರಗತಿಯಲ್ಲಿ ಬಾಯಿಯನ್ನೇ ತೆರೆಯದ ಒಬ್ಬ ಹುಡುಗ ಮಾತ್ರ ಅಜ್ಜಿ ಕೊಟ್ಟ ಸಿಹಿಕುಂಬಳದ ಬೀಜ ತಂದು ಊರಿ, ಬಳ್ಳಿಯನ್ನು ಕಾಂಪೌಂಡ್ ಗೋಡೆಯ ಮೇಲೆ ಹಬ್ಬಿಸಿದ. ಬಳ್ಳಿ ಸೊಗಸಾಗಿ ಬೆಳೆಯಿತು, ಹಳದಿ ಹೂವುಗಳೂ ಬಿಟ್ಟವು, ಆದರೆ ಎಲ್ಲವೂ ಉದುರಿಹೋದವು. ಗೊಬ್ಬರ ಸಾಲಲಿಲ್ಲವೇ, ಯಾರದಾದರೂ ಕಣ್ಣು ಬಿತ್ತೇ ಎಂದು ಕೇಳಿಕೊಂಡು ಅವನು ನನ್ನ ಬಳಿಗೆ ಬಂದ. ಅವನು ತಾನಾಗಿ ಕೇಳಿದ ಮೊದಲ ಪ್ರಶ್ನೆ ಅದು. ಕುಂಬಳದಲ್ಲಿ ಗಂಡು ಹೂವು ಬೇರೆ, ಹೆಣ್ಣು ಹೂವು ಬೇರೆ. ಮೊದಲು ಬರುವುದು ಸಾಮಾನ್ಯವಾಗಿ ಗಂಡು ಹೂವುಗಳೇ, ಅವು ಉದುರುವುದು ಸಹಜ. ಹೂವಿನ ಬುಡದಲ್ಲಿ ಗೋಲಿಯಷ್ಟು ದಪ್ಪದ ಪುಟ್ಟ ಕಾಯಿ ಕಂಡರೆ ಅದು ಹೆಣ್ಣು ಹೂವು ಎಂದು ತೋರಿಸಿಕೊಟ್ಟೆ. ಹೂವು ಅರಳುವುದು ಬೆಳಗಿನ ಜಾವ, ಬಿಸಿಲೇರುವಷ್ಟರಲ್ಲಿ ಮುಚ್ಚಿಕೊಳ್ಳುತ್ತದೆ. ಆದ್ದರಿಂದ ಅವನು ಆರೂವರೆಗೇ ಶಾಲೆಗೆ ಬಂದು, ಗಂಡು ಹೂವು ಕಿತ್ತು, ಅದರ ಎಸಳು ಬಿಡಿಸಿ, ಪರಾಗವನ್ನು ಹೆಣ್ಣು ಹೂವಿನ ನಡುವಿರುವ ಅಂಟಂಟಾದ ತುದಿಗೆ, ಅಂದರೆ ಶಲಾಕಾಗ್ರಕ್ಕೆ ಸವರತೊಡಗಿದ. ಹಾಗೆ ಸವರಿದ ಹೂವುಗಳಿಗೆ ದಾರ ಕಟ್ಟಿ, ಸವರದೆ ಬಿಟ್ಟವುಗಳ ಜೊತೆ ಹೋಲಿಸಿ ನೋಡುವ ಯೋಚನೆ ಅವನದೇ. ಐದು ಕಾಯಿಗಳು ನಿಂತವು. ಮರುವರ್ಷ ಹತ್ತನೆಯ ತರಗತಿಯಲ್ಲಿ ಪರಾಗಸ್ಪರ್ಶದ ಪಾಠ ಬಂದಾಗ ಸೀಮೆಸುಣ್ಣವನ್ನು ಅವನ ಕೈಗೆ ಕೊಟ್ಟು ನಾನು ಬೆಂಚಿನಲ್ಲಿ ಕುಳಿತೆ. ಪಾಠದ ಹೊತ್ತನ್ನು ತೋಟ ಕಸಿಯುತ್ತದೆ ಎನ್ನುವವರಿಗೆ ನಾನು ಕೊಡಬಲ್ಲ ಉತ್ತರ ಆ ನಲವತ್ತು ನಿಮಿಷಗಳು.

ಅನುವಂಶೀಯತೆಯ ಪಾಠಕ್ಕೂ ತೋಟವೇ ಸಾಕ್ಷಿ ಒದಗಿಸಬಲ್ಲದು. ಬೆಂಗಳೂರಿನ ಹೆಸರಘಟ್ಟದಲ್ಲಿರುವ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯು ಹಳದಿ ನಂಜು ರೋಗವನ್ನು ತಾಳಿಕೊಳ್ಳುವಂತೆ ರೂಪಿಸಿದ ಬೆಂಡೆಯ ತಳಿ ಅರ್ಕಾ ಅನಾಮಿಕಾ. ಅದರ ಒಂದೆರಡು ಕಾಯಿಗಳನ್ನು ಗಿಡದಲ್ಲೇ ಒಣಗಲು ಬಿಟ್ಟು, ಬೇರೆ ಬೆಂಡೆಯ ಬೆರಕೆಯಾಗದಂತೆ ಬೀಜ ತೆಗೆದಿಟ್ಟರೆ ಮುಂದಿನ ವರ್ಷವೂ ಅದೇ ಬೆಂಡೆ ಬರುತ್ತದೆ. ಅದೇ ಸಂಸ್ಥೆಯ ಅರ್ಕಾ ರಕ್ಷಕ್ ಟೊಮೆಟೊ ಬೇರೆ ಬೇರೆ ತಳಿಗಳನ್ನು ಬೆರೆಸಿ ಪಡೆದ ಹೈಬ್ರಿಡ್ ಆದ್ದರಿಂದ ಅದರ ಹಣ್ಣಿನ ಬೀಜ ಬಿತ್ತಿದರೆ ಒಂದೊಂದು ಗಿಡ ಒಂದೊಂದು ಬಗೆಯಾಗಬಹುದು. ಯಾಕೆ ಹೀಗೆ ಎಂದು ಮಕ್ಕಳು ಕೇಳಿದಾಗ ಬಟಾಣಿ ಗಿಡಗಳನ್ನು ಬೆಳೆಸಿ ಅನುವಂಶೀಯತೆಯ ನಿಯಮಗಳನ್ನು ಕಂಡುಕೊಂಡ ಮೆಂಡಲನ ಕತೆಯನ್ನು ಶುರುಮಾಡಿ ನೋಡಿ. ಅವರು ಕಿವಿಗೊಡುವ ರೀತಿಯೇ ಬೇರೆ.

ಆಹಾರದ ವಿಷಯದಲ್ಲಿ ಉತ್ಪ್ರೇಕ್ಷೆ ಮಾಡಲಾರೆ. ಬಿಸಿಯೂಟದ ನಿಯಮದಂತೆ 6ರಿಂದ 8ನೆಯ ತರಗತಿಯ ಪ್ರತಿ ಮಗುವಿಗೆ ದಿನಕ್ಕೆ 75 ಗ್ರಾಂ ತರಕಾರಿ ಬೇಕು. ಅದೇ ಲೆಕ್ಕದಲ್ಲಿ 200 ಮಕ್ಕಳ ಶಾಲೆಗೆ ದಿನಕ್ಕೆ 15 ಕಿಲೋ ಬೇಕಾಗುತ್ತದೆ; ಯಾವ ಶಾಲೆಯ ಹಿತ್ತಲೂ ಅಷ್ಟನ್ನು ಪ್ರತಿದಿನ ಕೊಡಲಾರದು. ಹಾಗೆಯೇ, 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 19 ವರ್ಷದ ಹೆಣ್ಣುಮಕ್ಕಳಲ್ಲಿ ನೂರಕ್ಕೆ 59 ಮಂದಿಗೆ ರಕ್ತಹೀನತೆಯಿದೆ, ಗಂಡುಮಕ್ಕಳಲ್ಲಿ ನೂರಕ್ಕೆ 31 ಮಂದಿಗಿದೆ. ನಾಲ್ಕು ಪಾತಿ ದಂಟಿನ ಸೊಪ್ಪಿನಿಂದ ಅದು ನೀಗುವುದಿಲ್ಲ. ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ಕಬ್ಬಿಣಾಂಶದ ನೀಲಿ ಮಾತ್ರೆಯನ್ನು ತಪ್ಪದೆ ನುಂಗಲೇಬೇಕು. ಆದರೆ ತಟ್ಟೆಯಲ್ಲಿ ಸೊಪ್ಪು ಕಂಡರೆ ಬದಿಗೆ ಸರಿಸುತ್ತಿದ್ದ ಹುಡುಗಿಯರು ತಾವೇ ಬೆಳೆದ ಸೊಪ್ಪಿನ ಬಸ್ಸಾರನ್ನು ಎರಡನೆಯ ಸಲ ಹಾಕಿಸಿಕೊಂಡದ್ದನ್ನು ನಾನು ನೋಡಿದ್ದೇನೆ. ಸೊಪ್ಪಿನ ಪಲ್ಯಕ್ಕೆ ನಿಂಬೆಹಣ್ಣು ಹಿಂಡಿಕೊಂಡರೆ ಅದರಲ್ಲಿರುವ ಕಬ್ಬಿಣಾಂಶ ದೇಹಕ್ಕೆ ಹೆಚ್ಚು ಹಿಡಿಯುತ್ತದೆ ಎಂಬ ಮಾತು ಪುಸ್ತಕದಲ್ಲಿ ಓದಿದಾಗ ಮರೆತುಹೋಗುತ್ತದೆ. ತಾನು ಬೆಳೆದ ಸೊಪ್ಪಿನ ಬಗ್ಗೆ ಹೇಳಿದರೆ ನೆನಪಿನಲ್ಲಿ ನಿಲ್ಲುತ್ತದೆ.

ಬಹುತೇಕ ಶಾಲಾ ತೋಟಗಳು ಸಾಯುವುದು ಏಪ್ರಿಲ್, ಮೇ ತಿಂಗಳುಗಳಲ್ಲಿ. ರಜೆಯಲ್ಲಿ ನೀರು ಹಾಕುವವರಿರುವುದಿಲ್ಲ, ಬೀದಿಯ ದನಗಳು ನುಗ್ಗುತ್ತವೆ, ಜೂನ್‌ನಲ್ಲಿ ಒಣಗಿದ ಕಡ್ಡಿಗಳನ್ನು ಕಂಡ ಮಕ್ಕಳಿಗೆ ಮತ್ತೆ ಗುದ್ದಲಿ ಹಿಡಿಯುವ ಮನಸ್ಸಾಗುವುದಿಲ್ಲ. ಇದಕ್ಕೆ ಪರಿಹಾರವೆಂದರೆ ಶಾಲೆಯ ವರ್ಷಕ್ಕೆ ತೋಟದ ವರ್ಷವನ್ನು ಹೊಂದಿಸುವುದು. ಜೂನ್‌ನಲ್ಲಿ ಮಳೆಯ ಬೆಳೆಯಾಗಿ ಬೆಂಡೆ, ಅಲಸಂದೆ, ಬಳ್ಳಿ ತರಕಾರಿಗಳನ್ನು ಹಾಕಿ ದಸರಾ ರಜೆಯೊಳಗೆ ಮುಗಿಸಬೇಕು. ರಜೆ ಕಳೆದು ಬಂದ ಮೇಲೆ ಮೂಲಂಗಿ, ಪಾಲಕ್, ಸಬ್ಬಸಿಗೆ, ಹುರುಳಿಕಾಯಿ ಹಾಕಿದರೆ ಪರೀಕ್ಷೆಯ ತಯಾರಿ ಬಿಗಿಯಾಗುವ ಮೊದಲೇ, ಜನವರಿಯ ಹೊತ್ತಿಗೆ ಕೊಯ್ಲು ಮುಗಿಯುತ್ತದೆ. ಬೇಸಿಗೆಗೆ ಉಳಿಯುವುದು ನುಗ್ಗೆ, ಕರಿಬೇವು, ಚಕ್ರಮುನಿಯಂಥ ಗಟ್ಟಿ ಗಿಡಗಳು ಮಾತ್ರ. ಬುಡಕ್ಕೆ ದಪ್ಪವಾಗಿ ತರಗು ಮುಚ್ಚಿದರೆ ವಾರಕ್ಕೊಮ್ಮೆ ನೀರು ಸಿಕ್ಕರೂ ಅವು ಜೀವ ಹಿಡಿದುಕೊಂಡಿರುತ್ತವೆ. ನಮ್ಮ ಊರಿನಲ್ಲಿ ಕೊಳವೆಬಾವಿಯ ನೀರು ಬರುತ್ತಿದ್ದುದೇ ದಿನಕ್ಕೆ ಎರಡು ಗಂಟೆ. ಊಟದ ನಂತರ ಮಕ್ಕಳು ಕೈ ಮತ್ತು ತಟ್ಟೆ ತೊಳೆಯುವ ನೀರನ್ನು ಒಂದು ಸಣ್ಣ ಕಾಲುವೆಯ ಮೂಲಕ ಪಾತಿಗಳಿಗೆ ಹರಿಸಿದ್ದರಿಂದ ಮಳೆಯಿಲ್ಲದ ವಾರಗಳೂ ಕಳೆದವು.

ನಗರದ ಮನೆಗಳಲ್ಲಿ ನೆಲವಿಲ್ಲ ಎಂಬುದು ನಿಜ. ಆದರೆ ಬಣ್ಣದ ಖಾಲಿ ಬಕೆಟ್ಟನ್ನು ಚೆನ್ನಾಗಿ ತೊಳೆದು, ತಳಕ್ಕೆ ನಾಲ್ಕೈದು ತೂತು ಕೊರೆದು, ಕೆಂಪುಮಣ್ಣು, ಕಾಂಪೋಸ್ಟ್ ಮತ್ತು ತೆಂಗಿನ ನಾರಿನ ಪುಡಿಯನ್ನು ಸಮಭಾಗದಲ್ಲಿ ಬೆರೆಸಿ ತುಂಬಿದರೆ ಒಂದು ಬದನೆ ಗಿಡಕ್ಕೋ ಟೊಮೆಟೊ ಗಿಡಕ್ಕೋ ಸಾಕು. ಕಾಯಿ ಬಿಡುವ ಗಿಡಗಳಿಗೆ ದಿನಕ್ಕೆ ಆರು ಗಂಟೆಯಾದರೂ ಬಿಸಿಲು ಬೇಕು. ಅಷ್ಟು ಬಿಸಿಲು ಬೀಳದ ಬಾಲ್ಕನಿಯಲ್ಲಿ ಸೊಪ್ಪು ಬೆಳೆಯಬಹುದು. ಹೊಸಬರು ಗಿಡಗಳನ್ನು ಕೊಲ್ಲುವುದು ಹೆಚ್ಚಾಗಿ ಅತಿ ನೀರಿನಿಂದ. ಬೆರಳನ್ನು ಒಂದು ಗೆಣ್ಣು ಮಣ್ಣಿಗಿಳಿಸಿ ತೇವವಿದ್ದರೆ ಆ ದಿನ ನೀರು ಹಾಕಬೇಡ ಎಂದು ಒಮ್ಮೆ ಹೇಳಿಕೊಟ್ಟರೆ ಸಾಕು. ತಂದೆತಾಯಿಯರಲ್ಲಿ ನನ್ನ ವಿನಂತಿಯೆಂದರೆ, ಮಗಳು ನೀರು ಹಾಕಲು ಮರೆತ ದಿನ ನೀವೇ ಹೋಗಿ ಹಾಕಿಬಿಡಬೇಡಿ. ಒಂದು ಗಿಡ ಬಾಡಲಿ. ಅದು ತನ್ನಿಂದ ಆದದ್ದೆಂದು ಅವಳಿಗೆ ತಿಳಿದರೆ ಮುಂದಿನದನ್ನು ಅವಳೇ ಕಾಯುತ್ತಾಳೆ. ಗಿಡದ ಹೊಣೆಯನ್ನು ಒಮ್ಮೆ ನಾವು ಹಿಂದಕ್ಕೆ ತೆಗೆದುಕೊಂಡರೆ ಅದು ನಮ್ಮ ತೋಟವಾಗುತ್ತದೆಯೇ ಹೊರತು ಅವಳದಾಗಿ ಉಳಿಯುವುದಿಲ್ಲ.

ಶಾಲೆಗಳಲ್ಲಿ ಪೌಷ್ಟಿಕ ತೋಟ ಬೆಳೆಸಬೇಕೆಂದು ಕೇಂದ್ರ ಶಿಕ್ಷಣ ಇಲಾಖೆ 2019ರಲ್ಲೇ ಮಾರ್ಗಸೂಚಿ ಹೊರಡಿಸಿದೆ. ಹೊಸ ಆದೇಶವೇನೂ ಬೇಕಿಲ್ಲ. ಎಂಟು ಮತ್ತು ಒಂಬತ್ತನೆಯ ತರಗತಿಗಳಿಗಾದರೂ ಕಾರ್ಯಾನುಭವದ ಅವಧಿಯನ್ನು ಬೇರೆ ಪಾಠಕ್ಕೆ ಬಿಟ್ಟುಕೊಡುವುದಿಲ್ಲವೆಂದು ಮುಖ್ಯಶಿಕ್ಷಕರು ನಿಶ್ಚಯಿಸಿದರೆ ಅರ್ಧ ಕೆಲಸ ಆದಂತೆ. ಉಳಿದರ್ಧಕ್ಕೆ ಊರಿನ ರೈತರನ್ನು ಕರೆಯಿರಿ. ನಮ್ಮಲ್ಲಿ ಸಸಿಮಡಿ ಮಾಡುವುದನ್ನು ಮಕ್ಕಳಿಗೆ ಕಲಿಸಿದವರು, ಮೊದಲು ನನ್ನೊಡನೆ "ಮಣ್ಣಿನ ಕೆಲಸ ನಮಗೇ ಕೊನೆಯಾಗಲಿ" ಎಂದಿದ್ದ ತಂದೆಯರಲ್ಲೇ ಒಬ್ಬರು. ಶಾಲೆಯ ಮಕ್ಕಳು ತಮ್ಮನ್ನು ಸುತ್ತುವರಿದು ನಿಂತು ಪ್ರಶ್ನೆ ಕೇಳುತ್ತಿದ್ದಾಗ ಅವರ ಮಗ ಪಕ್ಕದಲ್ಲೇ ನಿಂತಿದ್ದ.

ತಮ್ಮ ಪತ್ರಿಕೆಗೂ ಒಂದು ಕೋರಿಕೆಯಿದೆ. ಕರ್ನಾಟಕದಲ್ಲಿ ತೋಟಗಾರಿಕೆಯನ್ನು ಹಳ್ಳಿಹಳ್ಳಿಗೆ ಹರಡಿದ ಡಾ. ಎಂ.ಎಚ್. ಮರಿಗೌಡರ ಜನ್ಮದಿನ ಆಗಸ್ಟ್ 8. ಈ ವಾರ ಬಿತ್ತಿದ ಬೆಂಡೆ ಆ ಹೊತ್ತಿಗೆ ಕಾಯಿ ಹಿಡಿಯುತ್ತಿರುತ್ತದೆ. ಅಂದಿನ ಪುರವಣಿಯಲ್ಲಿ ಹದಿಹರೆಯದವರು ತಮ್ಮ ಪಾತಿಯ ಬಗ್ಗೆ, ಬಂದ ಕಾಯಿಯ ಬಗ್ಗೆ ಮಾತ್ರವಲ್ಲದೆ ಒಣಗಿದ ಗಿಡದ ಬಗ್ಗೆಯೂ ಬರೆದು ಕಳುಹಿಸಲು ಅರ್ಧ ಪುಟ ಮೀಸಲಿಡಬೇಕೆಂದು ಕೋರುತ್ತೇನೆ. ಹಾಗೊಂದು ಪ್ರಕಟಣೆ ಆರಿದ್ರಾ ಮಳೆ ಮುಗಿಯುವುದರೊಳಗೆ ಬಂದರೆ ಮಕ್ಕಳಿಗೆ ಬೀಜ ಊರಲು ಇನ್ನೂ ಸಮಯವಿರುತ್ತದೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ವಿಜ್ಞಾನ ಶಿಕ್ಷಕಿ,
ತುಮಕೂರು ಜಿಲ್ಲೆ