ಜೀವಶಾಸ್ತ್ರವೋ ಕಂಪ್ಯೂಟರ್ ವಿಜ್ಞಾನವೋ ಎಂಬ ಕವಲು ಬೇಡ

ಮಾನ್ಯ ಸಂಪಾದಕರೇ,

ಎಸ್ಸೆಸ್ಸೆಲ್ಸಿ ಮುಗಿಸಿದ ಮಕ್ಕಳು ಪಿಸಿಎಂಬಿ (ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ, ಜೀವಶಾಸ್ತ್ರ) ತೆಗೆದುಕೊಳ್ಳಲೋ ಜೀವಶಾಸ್ತ್ರದ ಬದಲು ಕಂಪ್ಯೂಟರ್ ವಿಜ್ಞಾನವಿರುವ ಪಿಸಿಎಂಸಿಯೋ ಎಂದು ಕೇಳಲು ಬಂದಾಗಲೆಲ್ಲ ನನಗೆ ನೆನಪಾಗುವುದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರಾಧ್ಯಾಪಕರಾಗಿದ್ದ ವಿಜಯ್ ಚಂದ್ರು ಅವರ ವೃತ್ತಿಜೀವನ. ಹದಿನಾರು ವರ್ಷದ ವಿದ್ಯಾರ್ಥಿ ಒಂದನ್ನು ಹಿಡಿದು ಮತ್ತೊಂದನ್ನು ಕೈಬಿಡಬೇಕಾದ ಈ ಎರಡು ವಿಷಯಗಳು ಕೂಡುವಲ್ಲಿಯೇ ಅವರು ಬಹುಕಾಲ ದುಡಿದರು.

ಅಮೆರಿಕದ ಎಂಐಟಿಯಲ್ಲಿ ಡಾಕ್ಟರೇಟ್ ಪಡೆದ ಚಂದ್ರು ಗಣಿತ ಮತ್ತು ಗಣಕಶಾಸ್ತ್ರದ ಕಡೆಯಿಂದ ಬಂದವರು. ಅಗ್ಗದ ಕೈಗಣಕ 'ಸಿಂಪ್ಯೂಟರ್' ರೂಪಿಸಿದ ತಂಡದಲ್ಲಿಯೂ ಇದ್ದರು. ಮಾನವ ಜೀನೋಮಿನ, ಅಂದರೆ ನಮ್ಮ ಡಿಎನ್‌ಎಯಲ್ಲಿರುವ ಒಟ್ಟು ತಳಿ ಮಾಹಿತಿಯ, ಕರಡು ಸಿದ್ಧವಾಯಿತೆಂಬ ಘೋಷಣೆ ಹೊರಬಿದ್ದ 2000ದಲ್ಲಿಯೇ ಅವರು ರಮೇಶ್ ಹರಿಹರನ್, ಸ್ವಾಮಿ ಮನೋಹರ್ ಮತ್ತು ವಿ. ವಿನಯ್ ಅವರೊಡನೆ ಸ್ಟ್ರ್ಯಾಂಡ್ ಜೀನೋಮಿಕ್ಸ್ ಕಂಪನಿಯನ್ನು ಕಟ್ಟಿದರು. ನಾಲ್ವರೂ ಗಣಕ ವಿಜ್ಞಾನದ ಅಧ್ಯಾಪಕರು. ಸುಮಾರು 300 ಕೋಟಿ ಅಕ್ಷರಗಳ ಜೀನೋಮು ಪ್ರಯೋಗಾಲಯದಿಂದ ಚೂರುಚೂರಾಗಿ ಕೈಗೆ ಬರುತ್ತದೆ. ಆ ಚೂರುಗಳನ್ನು ಸಾಲಾಗಿ ಜೋಡಿಸಿ, ಒಬ್ಬರಿಗೂ ಇನ್ನೊಬ್ಬರಿಗೂ ಇರುವ ಅಸಂಖ್ಯ ವ್ಯತ್ಯಾಸಗಳಲ್ಲಿ ರೋಗಕ್ಕೆ ಕಾರಣವಾದದ್ದು ಯಾವುದೆಂದು ಹುಡುಕುವುದು ಲೆಕ್ಕದ ಬಲವಿಲ್ಲದೆ ಆಗದ ಕೆಲಸ.

ಔಷಧ ಸಂಶೋಧನೆಯಲ್ಲಿ ಇದರ ಬೆಲೆ ಇನ್ನೂ ಸ್ಪಷ್ಟ. ಟ್ರೋಗ್ಲಿಟಾಝೋನ್ ಎಂಬ ಮಧುಮೇಹದ ಗುಳಿಗೆಯನ್ನು ಅದೇ 2000ದಲ್ಲಿ ಅಮೆರಿಕದ ಮಾರುಕಟ್ಟೆಯಿಂದ ಹಿಂದಕ್ಕೆ ಪಡೆಯಬೇಕಾಯಿತು. ಪಿತ್ತಜನಕಾಂಗಕ್ಕೆ ಅದು ಮಾಡುವ ಹಾನಿ ನಿಚ್ಚಳವಾದದ್ದು ರೋಗಿಗಳು ಅದನ್ನು ನುಂಗಿದ ಮೇಲೆ. ಇಂಥ ಹಾನಿಯನ್ನು ಮೊದಲೇ ಊಹಿಸಲೆಂದು ಸ್ಟ್ರ್ಯಾಂಡ್‌ನ ವಿಜ್ಞಾನಿಗಳು ಪಿತ್ತಜನಕಾಂಗದ ರಾಸಾಯನಿಕ ವ್ಯವಹಾರಗಳನ್ನು ಗಣಿತದ ಸಮೀಕರಣಗಳಲ್ಲಿ ಹಿಡಿದು ಒಂದು ಗಣಕ ಮಾದರಿಯನ್ನು ರೂಪಿಸಿದರು. ನನ್ನ ಮಟ್ಟಿಗೆ ಆ ಸಂಸ್ಥೆಯ ಅತ್ಯಂತ ಧೈರ್ಯದ ಕೆಲಸ ಇದೇ. ಮುಂದೆ ಕಂಪನಿ ಕ್ಯಾನ್ಸರ್ ಮತ್ತು ಆನುವಂಶಿಕ ಕಾಯಿಲೆಗಳ ತಳಿ ಪರೀಕ್ಷೆಯತ್ತ ಹೊರಳಿತು. 2021ರಲ್ಲಿ ರಿಲಯನ್ಸ್ ಸಮೂಹ ಅದರ ಬಹುಪಾಲು ಷೇರುಗಳನ್ನು ಕೊಂಡಿತು. ಚಂದ್ರು ಅವರು ಅಪರೂಪದ ಕಾಯಿಲೆಗಳಿಂದ ಬಳಲುವವರಿಗಾಗಿ ದುಡಿಯುವ ಸಂಘಟನೆಯನ್ನು ಕಟ್ಟುವುದರಲ್ಲಿಯೂ ತೊಡಗಿಕೊಂಡರು.

ಮೂವತ್ತು ವರ್ಷ ಪಿಯು ತರಗತಿಗಳಿಗೆ ಜೀವಶಾಸ್ತ್ರ ಕಲಿಸಿದ ನಾನು ಡಿಎನ್‌ಎ ಪಾಠವನ್ನು ಸೀಮೆಸುಣ್ಣದ ಚಿತ್ರದಲ್ಲಿಯೇ ಮುಗಿಸಿದ್ದೇನೆ. ಅದು ದತ್ತಾಂಶವೂ ಹೌದು, ಅದನ್ನು ಓದಲು ಸಂಖ್ಯಾಶಾಸ್ತ್ರವೂ ಪ್ರೋಗ್ರಾಮಿಂಗೂ ಬೇಕು ಎಂದು ಒಮ್ಮೆಯೂ ಹೇಳಲಿಲ್ಲ. ಆ ಕೊರತೆ ಈಗಲೂ ನನ್ನನ್ನು ಕಾಡುತ್ತದೆ. ಬೆಂಗಳೂರಿನಲ್ಲಿ 2001ರಷ್ಟು ಹಿಂದೆಯೇ ರಾಜ್ಯ ಸರ್ಕಾರದ ನೆರವಿನಿಂದ ಜೀವಮಾಹಿತಿ ವಿಜ್ಞಾನಕ್ಕೆಂದೇ ಐಬ್ಯಾಬ್ ಸಂಸ್ಥೆ ತಲೆಯೆತ್ತಿತು. ಆದರೆ ಅಲ್ಲಿಗೆ ಸ್ನಾತಕೋತ್ತರ ಮಟ್ಟದಲ್ಲಿ ಹೋಗುವ ವಿದ್ಯಾರ್ಥಿಯನ್ನು ನಾವು ಪಿಯುಸಿಯಲ್ಲಿಯೇ ಎರಡರಲ್ಲಿ ಒಂದರಿಂದ ದೂರ ಮಾಡಿರುತ್ತೇವೆ. ಪಟ್ಟಣದ ಮಕ್ಕಳು ಬೇಸಿಗೆ ರಜೆಯಲ್ಲಿ ದುಡ್ಡು ಕೊಟ್ಟು ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಕಲಿತುಕೊಂಡಾರು. ತಾಲ್ಲೂಕಿನ ಸರ್ಕಾರಿ ಕಾಲೇಜಿನ ಮಗುವಿಗೆ ಆ ದಾರಿಯೂ ಇಲ್ಲ.

ಪದವಿಪೂರ್ವ ಶಿಕ್ಷಣ ಇಲಾಖೆ ಪಿಸಿಎಂಬಿ ವಿದ್ಯಾರ್ಥಿಗಳಿಗೆ ವಾರಕ್ಕೆ ಎರಡು ಅವಧಿಯಷ್ಟಾದರೂ ಪ್ರೋಗ್ರಾಮಿಂಗ್ ಮತ್ತು ಸಂಖ್ಯಾಶಾಸ್ತ್ರದ ಮೂಲಪಾಠಗಳನ್ನು, ಪಿಸಿಎಂಸಿಯವರಿಗೆ ತಳಿವಿಜ್ಞಾನದ ಒಂದು ಘಟಕವನ್ನು ಒದಗಿಸಬೇಕೆಂದು ಕೋರುತ್ತೇನೆ. ಕಂಪ್ಯೂಟರ್ ಪ್ರಯೋಗಾಲಯವಿರುವ ಸರ್ಕಾರಿ ಕಾಲೇಜುಗಳಲ್ಲಿ ಇದನ್ನು ಮುಂದಿನ ಶೈಕ್ಷಣಿಕ ವರ್ಷದಿಂದಲೇ ಆರಂಭಿಸಬಹುದು.

– ನಿವೃತ್ತ ಜೀವಶಾಸ್ತ್ರ ಉಪನ್ಯಾಸಕ, ದಾವಣಗೆರೆ