ಎರಡು ದಡದಲ್ಲೂ ಅಳೆ

ಮಂಡ್ಯ

ಚಿ. ನಂದಿನಿಗೆ ದೊಡ್ಡಪ್ಪನ ಆಶೀರ್ವಾದಗಳು.

ಟಿ. ನರಸೀಪುರದ ಸಂಗಮದಿಂದಲೇ ಪ್ರಾಜೆಕ್ಟ್ ಶುರು ಮಾಡುತ್ತೇನೆ ಎಂದು ಬರೆದಿದ್ದೀಯ. ಈಗಲೇ ಬೇಡ ಮಗು. ಕಪಿಲೆ ಕಾವೇರಿಗೆ ಕೂಡಿದ ಮಾತ್ರಕ್ಕೆ ನೀರು ಬೆರೆಯುವುದಿಲ್ಲ. ಮೇಲಿಂದ ತಳಕ್ಕೆ ಬೇಗ ಬೆರೆತರೂ, ದಡದಿಂದ ದಡಕ್ಕೆ ಬೆರೆಯಲು ಹೊಳೆಯ ಅಗಲದ ಹತ್ತಾರು ಪಟ್ಟು ದೂರ ಬೇಕಾಗಬಹುದು. ಸ್ವಲ್ಪ ಕೆಳಗೆ ಒಂದೇ ದಡದಲ್ಲಿ ಬಾಟಲಿ ತುಂಬಿದರೆ ಸಿಗುವುದು ಹೆಚ್ಚುಕಡಿಮೆ ಒಂದೇ ನದಿಯ ನೀರು. ಮೊದಲು ಚಿಕ್ಕ ಹಳ್ಳದಲ್ಲಿ ಉಪ್ಪು ಹಾಕಿ ಹರಿವನ್ನು, ಅಂದರೆ ಸೆಕೆಂಡಿಗೆ ಎಷ್ಟು ನೀರು ಹೋಗುತ್ತದೆ ಎಂಬುದನ್ನು, ಅಳೆಯಲು ಕಲಿ.

ಸೆಕೆಂಡಿಗೆ ಸುಮಾರು 100 ಲೀಟರ್ ಹರಿಯುವ ಹಳ್ಳಕ್ಕೆ 500 ಗ್ರಾಂ ಪುಡಿ ಉಪ್ಪು ಸಾಕು. ಅದೇ ಹಳ್ಳದ 5 ಲೀಟರ್ ನೀರಿನಲ್ಲಿ ಒಂದು ಹರಳೂ ಉಳಿಯದಂತೆ ಕರಗಿಸಿ, ಹರಿವಿನ ನಡುವೆ ಒಂದೇ ಸಲ ಸುರಿ. ಹರಳು ತಳಕ್ಕೆ ಕೂತರೆ ಲೆಕ್ಕ ಕೆಟ್ಟಂತೆಯೇ. ಸುರಿಯುವ ಮುಂಚೆ ಕೆಳಗಡೆ ವಾಹಕತೆ ಮೀಟರಿನ (ನೀರಿನಲ್ಲಿ ವಿದ್ಯುತ್ ಎಷ್ಟು ಸಲೀಸಾಗಿ ಹರಿಯುತ್ತದೆ ಎಂದು ತೋರಿಸುವ ಮೀಟರು; ಉಪ್ಪು ಹೆಚ್ಚಿದಷ್ಟೂ ಅಂಕಿ ಏರುತ್ತದೆ) ಮೂಲ ಅಂಕಿ ಬರೆದುಕೊ. ಆಮೇಲೆ 5 ಸೆಕೆಂಡಿಗೊಮ್ಮೆ, ಅಂಕಿ ಮತ್ತೆ ಅಲ್ಲಿಗೇ ಇಳಿಯುವ ತನಕ ಬರೆಯುತ್ತಲೇ ಇರು. ಏರುವುದು ಬೇಗ, ಇಳಿಯುವುದು ಬಹಳ ನಿಧಾನ. ಬಂಡೆ ಮರೆಯಲ್ಲಿ, ಜೊಂಡಿನ ಬುಡದಲ್ಲಿ ನಿಂತ ನೀರು ಉಪ್ಪನ್ನು ಹಿಡಿದಿಟ್ಟುಕೊಂಡು ತಡವಾಗಿ ಬಿಡುತ್ತದೆ. ಬೇಸರಪಟ್ಟು ಅರ್ಧಕ್ಕೇ ಎದ್ದು ಬಂದರೆ ಹರಿವು ಇರುವುದಕ್ಕಿಂತ ಹೆಚ್ಚು ಬರುತ್ತದೆ.

ಲೀಟರಿಗೆ 1 ಮಿಲಿಗ್ರಾಂ ಉಪ್ಪು ಸೇರಿದರೆ ಮೀಟರು ಸೆಂಟಿಮೀಟರಿಗೆ ಸುಮಾರು 2 ಮೈಕ್ರೋಸೀಮೆನ್ಸ್ (ವಾಹಕತೆಯ ಅಳತೆ) ಏರುತ್ತದೆ. ಆದರೂ ಪುಸ್ತಕದ ಅಂಕಿಯನ್ನೇ ನೆಚ್ಚಿಕೊಳ್ಳಬೇಡ. ಲೀಟರಿಗೆ 10 ಗ್ರಾಂ ಉಪ್ಪಿನ ದ್ರಾವಣ ಮಾಡಿ, 1 ಲೀಟರ್ ಹಳ್ಳದ ನೀರಿಗೆ 1 ಮಿಲಿಲೀಟರಿನಂತೆ ಸೇರಿಸುತ್ತಾ ನೀನೇ ನೋಡು. ವಾಹಕತೆ ಒಂದು ಡಿಗ್ರಿ ಶಾಖಕ್ಕೆ ಶೇ. 2ರಷ್ಟು ಬದಲಾಗುತ್ತದೆ, ಅಂಕಿಯನ್ನು 25 ಡಿಗ್ರಿಯ ಲೆಕ್ಕಕ್ಕೆ ತರುವಂತೆ ಮೀಟರನ್ನು ಹೊಂದಿಸಿಡು.

ಇನ್ನು ಎಲ್ಲಕ್ಕಿಂತ ಮುಖ್ಯವಾದದ್ದು. ಎಡದಡಕ್ಕೊಂದು, ಬಲದಡಕ್ಕೊಂದು ಮೀಟರು ಇಡು. ಎರಡರ ಅಂಕಿಗಳನ್ನೂ ಸಮಯದ ಎದುರು ಗ್ರಾಫಿನಲ್ಲಿ ಗೆರೆ ಎಳೆ. ಎರಡು ಗೆರೆಗಳ ತುದಿ ಬೇರೆಬೇರೆ ಎತ್ತರದಲ್ಲಿದ್ದರೂ ಚಿಂತೆಯಿಲ್ಲ, ಮೂಲ ಅಂಕಿಗೂ ಗೆರೆಗೂ ನಡುವಿನ ವಿಸ್ತೀರ್ಣ ಮಾತ್ರ ಸಮ ಬರಬೇಕು. ಶೇ. 5ಕ್ಕಿಂತ ಹೆಚ್ಚು ವ್ಯತ್ಯಾಸವಿದ್ದರೆ ಉಪ್ಪು ಇನ್ನೂ ಬೆರೆತಿಲ್ಲ. ಇನ್ನಷ್ಟು ಕೆಳಗೆ ಹೋಗಿ ಮತ್ತೆ ಅಳೆ. ಸಮ ಬಂದ ಮೇಲೆ, ದ್ರಾವಣ ಸೇರಿಸಿ ನೀನೇ ಕಂಡುಕೊಂಡ ಅಂಕಿಯಿಂದ ವಿಸ್ತೀರ್ಣವನ್ನು ಉಪ್ಪಿನ ಲೆಕ್ಕಕ್ಕೆ ತಂದು, ಹಾಕಿದ ಉಪ್ಪಿನ ತೂಕವನ್ನು ಅದರಿಂದ ಭಾಗಿಸಿದರೆ ಹರಿವು ಸಿಗುತ್ತದೆ.

ವಿ.ಸಿ. (ವಿಶ್ವೇಶ್ವರಯ್ಯ) ನಾಲೆಯ ಉಪನಾಲೆಗಳಲ್ಲಿ ಮಾಡುವುದಾದರೆ ಮೊದಲು ಇಲಾಖೆಯ ಅನುಮತಿ ತಗೊ. ನೆಟ್ಟಗಿರುವ ಕಾಂಕ್ರೀಟ್ ನಾಲೆಯಲ್ಲಿ ಬೆರೆಯುವುದು ತೀರಾ ನಿಧಾನ. ನೀರು ಧುಮುಕುವ ಜಾಗದ ಮೇಲ್ಗಡೆ ಸುರಿದು ಕೆಳಗಡೆ ಅಳೆ. ನಡುವೆ ತೂಬು ಇರಕೂಡದು, ಬೆರೆಯುವ ಮುಂಚೆಯೇ ಉಪ್ಪು ಗದ್ದೆಗೆ ಹೋಗಿಬಿಡುತ್ತದೆ. ಅಳತೆ ಮುಗಿಯುವ ತನಕ ಗೇಟು ಮುಟ್ಟಬೇಡಿ ಎಂದು ನಾಲೆಯ ನೀರು ಬಿಡುವ ಸೌಡಿಯವರಿಗೆ ಹೇಳಿಡು.

ಎರಡು ಮೀಟರಿಗೆ ದುಡ್ಡು ಸಾಲದಿದ್ದರೆ ಒಂದರಲ್ಲೇ ಮಾಡಬಹುದು. ಅಷ್ಟೇ ಉಪ್ಪು, ಅದೇ ಜಾಗ, ಹರಿವು ಬದಲಾಗುವ ಮುಂಚೆ ಎರಡು ಸಲ ಸುರಿ. ಒಮ್ಮೆ ಈ ದಡದಲ್ಲಿ ಅಳೆ, ಇನ್ನೊಮ್ಮೆ ಆ ದಡದಲ್ಲಿ.

ಇತಿ,
ನಿನ್ನ ದೊಡ್ಡಪ್ಪ