ಲೆಕ್ಕ ಕೇಳಿದವರಿಗೂ, ಕೇಳದೆ ಕೊಟ್ಟವರಿಗೂ

ಎಲ್ಲರಿಗೂ ನಮಸ್ಕಾರ. ಆಸ್ಪತ್ರೆಯಿಂದ ಮನೆಗೆ ಬಂದಿದ್ದೇನೆ. ಎದ್ದು ಓಡಾಡುತ್ತಿದ್ದೇನೆ. ಉಪ್ಪು ಕಮ್ಮಿ ಅನ್ನೋದು ಬಿಟ್ಟರೆ ಊಟಕ್ಕೂ ತೊಂದರೆ ಇಲ್ಲ. ಏನಾಗಿತ್ತು, ಹೇಗಾಯಿತು ಅನ್ನೋದು ನಿಮಗೆಲ್ಲ ಗೊತ್ತೇ ಇದೆ, ಮತ್ತೆ ಅದನ್ನೇ ಬರೆಯಲ್ಲ. ಒಬ್ಬೊಬ್ಬರಿಗೂ ಫೋನ್ ಮಾಡಿ ಹೇಳೋಣ ಅಂದರೆ ಈಗಲೂ ನಾಲ್ಕು ಮಾತಿಗೆ ಉಸಿರು ಸಾಲದು. ಮೈಕಿಲ್ಲದ ಕಾಲದಲ್ಲಿ ನಾಟಕದ ಸ್ಟೇಜಿನಿಂದ ಕೊನೆಯ ಸಾಲಿನವರೆಗೂ ಮಾತು ಮುಟ್ಟಿಸಿದವಳಿಗೆ ಇದೆಂಥ ಅವಮಾನ! ಹಾಗಾಗಿ ನಾನು ಹೇಳುತ್ತಿದ್ದೇನೆ, ಮೊಮ್ಮಗಳು ಟೈಪ್ ಮಾಡುತ್ತಿದ್ದಾಳೆ.

ಡಾಕ್ಟರು, ರಾತ್ರಿ ಪಾಳಿಯ ನರ್ಸ್‌ಗಳು, ದಿನಾ ಡಬ್ಬಿ ಕಳಿಸಿದ ನಮ್ಮ ಓಣಿಯ ಹೆಣ್ಣುಮಕ್ಕಳು, ಹೆಸರು ಹೇಳದೆ ಫೋನ್‌ಪೇ ಮಾಡಿದವರು, ದುಬೈ ಮಸ್ಕತ್ತಿನಿಂದ ಕಳಿಸಿದ ಕನ್ನಡದವರು, ಸೀರಿಯಲ್ಲಿನಲ್ಲಿ ನನ್ನ ಪಾತ್ರವನ್ನು ಸಾಯಿಸದೆ ಕಾಶಿಯಾತ್ರೆಗೆ ಕಳಿಸಿದ ಡೈರೆಕ್ಟರು, ಎಲ್ಲರಿಗೂ ಕೈ ಮುಗಿಯುತ್ತೇನೆ. ಹುಬ್ಬಳ್ಳಿಯ ಸವಾಯಿ ಗಂಧರ್ವ ಹಾಲಿನಲ್ಲಿ ಸಹಾಯಾರ್ಥ ನಾಟಕ ಆಡಿದ ಹುಡುಗರಿಗೂ ಅಷ್ಟೇ. ಅವತ್ತು ನನ್ನನ್ನು ಸುಮ್ನೆ ಮುಂದಿನ ಸಾಲಿನಲ್ಲಿ ಕೂರಿಸಿ ಶಾಲು ಹೊದಿಸಿದ್ದರೆ ಬೇಜಾರಾಗುತ್ತಿತ್ತು. ಕೊನೆಯ ಸೀನಿನಲ್ಲಿ ಕುರ್ಚಿ ಹಾಕಿ, ಬಣ್ಣ ಹಚ್ಚಿ, ಮಾತು ಕೊಟ್ಟರು. ಮಾತು ನಾಲ್ಕೇ ಸಾಲು, ಚಪ್ಪಾಳೆ ಜಾಸ್ತಿಯಾಯಿತು.

ಈಗ ಲೆಕ್ಕ. ಸಹಾಯ ಕೇಳಿ ಹುಡುಗರು ಹಾಕಿದ ಪೋಸ್ಟಿನ ಕೆಳಗೆ ಒಬ್ಬರು, "ಇಷ್ಟು ಸಿನಿಮಾ, ಇಷ್ಟು ಸೀರಿಯಲ್ ಮಾಡಿದವರ ಹತ್ತಿರ ದುಡ್ಡಿಲ್ವಾ?" ಅಂತ ಕೇಳಿದ್ದರು. ಮೊಮ್ಮಗಳು ಅಳಿಸಲು ಹೋದಳು, ಬೇಡ ಅಂದೆ. ಓದಿದಾಗ ಹೊಟ್ಟೆ ಉರಿಯಿತು, ಸುಳ್ಳು ಯಾಕೆ ಹೇಳಲಿ. ಆದರೆ ನಿಮ್ಮ ದುಡ್ಡು ತಗೊಂಡಿದ್ದೇನೆ, ಕೇಳುವ ಹಕ್ಕು ನಿಮಗಿದೆ. ನಮ್ಮ ಕಸುಬಿನಲ್ಲಿ ಪಾತ್ರದ ಬಗ್ಗೆ ರಾತ್ರಿಯಿಡೀ ಮಾತಾಡುತ್ತೇವೆ, ಪಗಾರದ ಬಗ್ಗೆ ಬಾಯಿ ಬಿಡುವುದಿಲ್ಲ. ಇವತ್ತು ಬಿಡುತ್ತೇನೆ.

ನಮ್ಮವ್ವ ಊರೂರು ತಿರುಗಿ ಆಟ ಆಡುವ ಕಂಪನಿ ನಾಟಕದವಳು. ನಾನು ಲೋಹಿತಾಶ್ವನಾಗಿ ಸ್ಟೇಜ್ ಹತ್ತಿದ್ದು. 1975ರ ಸುಮಾರಿಗೆ ನಾಯಕಿ ಪಾತ್ರ ಸಿಕ್ಕಾಗ ತಿಂಗಳಿಗೆ 150 ರೂಪಾಯಿ ಪಗಾರ. ಎರಡು ಹೊತ್ತಿನ ಊಟ ಕಂಪನಿಯದು, ಬಿಡಾರ ಕಂಪನಿಯದು. ಸೀರೆ, ಪೌಡರು, ಮಲ್ಲಿಗೆ ಹೂವು ನಮ್ಮದು. ಕಲೆಕ್ಷನ್ ಚೆನ್ನಾಗಿದ್ದರೆ ಐದನೇ ತಾರೀಕಿಗೆ ಪಗಾರ. ಮಳೆ ಬಂದು ಆಟ ನಿಂತರೆ ಅರ್ಧ, ಒಮ್ಮೊಮ್ಮೆ ಅದೂ ಇಲ್ಲ. ಮಾಲೀಕರನ್ನು ಬೈಯಲು ನನಗೆ ಮನಸ್ಸಿಲ್ಲ. ಆಟ ಇರಲಿ ಬಿಡಲಿ, ನಲವತ್ತೈವತ್ತು ಜನರಿಗೆ ಬೆಳಗಾದರೆ ಒಲೆ ಹಚ್ಚಲೇಬೇಕಿತ್ತು. ಒಂದೂರಿನ ಕ್ಯಾಂಪು ಖಾಲಿ ಹೋದರೆ ಮುಂದಿನ ಊರಿಗೆ ಪರದೆ, ಸೀನರಿ ಸಾಗಿಸಲು ಲಾರಿ ಬಾಡಿಗೆಗೇ ಸಾಲ.

ಆ ಸಾಲ ತೀರುತ್ತಿದ್ದದ್ದು ಬಾದಾಮಿಯ ಬನಶಂಕರಿ ಜಾತ್ರೆಯಲ್ಲಿ. ಬನದ ಹುಣ್ಣಿಮೆಗೆ ತೇರು ಎಳೆದ ಮೇಲೂ ನಾಟಕಗಳು ವಾರಗಟ್ಟಲೆ ನಡೆಯುತ್ತವೆ. ಒಂದರ ಪಕ್ಕ ಒಂದು ಕಂಪನಿಯ ಥಿಯೇಟರು. ಈ ಕಡೆಯ ಹಾಸ್ಯಕ್ಕೆ ಆ ಕಡೆಯ ಅಳುವ ಸೀನು ಕೆಡುತ್ತಿತ್ತು. ಒಂದು ಆಟ ಮುಗಿಸಿ, ಬಣ್ಣ ಅಳಿಸದೆ ಚಹಾ ಕುಡಿದು, ಇನ್ನೊಂದು ಆಟಕ್ಕೆ ನಿಲ್ಲುವುದು. ನನ್ನದೊಂದು ಬೋರಮಾಳ ಸರ ಇತ್ತು, ಅವ್ವನದು. ಪ್ರತಿ ಶ್ರಾವಣಕ್ಕೆ ಗಿರವಿ ಅಂಗಡಿಗೆ ಹೋಗುವುದು, ಬನಶಂಕರಿ ಜಾತ್ರೆ ಮುಗಿದ ಮೇಲೆ ಕೊರಳಿಗೆ ಬರುವುದು. ಒಂದು ವರ್ಷ ಬರಲಿಲ್ಲ. ಆ ವರ್ಷ ಮಗಳು ಹುಟ್ಟಿದ್ದಳು.

ಹಾಗಾದರೆ ಸಿನಿಮಾಕ್ಕೆ ಆಗಲೇ ಯಾಕೆ ಹೋಗಲಿಲ್ಲ ಅಂತೀರಾ? ಹೋಗುವ ಆಸೆ ಕಂಪನಿಯಲ್ಲಿ ಅಡುಗೆಯವನಿಗೂ ಇತ್ತು. ಗುಬ್ಬಿ ಕಂಪನಿಯಲ್ಲಿದ್ದ ಪುಟ್ಟಸ್ವಾಮಯ್ಯನವರ ಮಗ ಮುತ್ತುರಾಜ 1954ರಲ್ಲಿ 'ಬೇಡರ ಕಣ್ಣಪ್ಪ' ಮಾಡಿ ರಾಜಕುಮಾರ್ ಆದ ಕಥೆಯನ್ನು ನಮಗೆ ಹಿರಿಯರು ಪುರಾಣ ಹೇಳಿದಂತೆ ಹೇಳುತ್ತಿದ್ದರು. ಅದೇ ಸಿನಿಮಾದಲ್ಲಿ ನರಸಿಂಹರಾಜು ಅವರೂ ಇದ್ದರು, ಅವರೂ ನಾಟಕದಿಂದಲೇ ಬಂದವರು. ಆ ದಾರಿಯಲ್ಲಿ ದಾಟಿದವರ ಹೆಸರು ಎಲ್ಲರಿಗೂ ಗೊತ್ತು. ದಾಟದವರು ನೂರಾರು ಜನ. ಧುತ್ತರಗಿಯವರ 'ಸಂಪತ್ತಿಗೆ ಸವಾಲ್' ನಾಟಕ 1974ರಲ್ಲಿ ಸಿನಿಮಾ ಆಗಿ ಹೆಸರು ಮಾಡಿದಾಗ, ಅದನ್ನು ನೋಡಿದ ಜನ ನಾಟಕಕ್ಕೂ ನುಗ್ಗಿದರು. ಸಿನಿಮಾದಿಂದ ನಮಗಾದ ದೊಡ್ಡ ಲಾಭ ಬಹಳ ದಿನ ಅದೇ ಆಗಿತ್ತು.

ನಿಜವಾಗಿ ಕೈಗೆ ದುಡ್ಡು ಕಂಡಿದ್ದು ಹಳ್ಳಿ ನಾಟಕದಲ್ಲಿ. ಉತ್ತರ ಕರ್ನಾಟಕದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಸುಗ್ಗಿ ಮುಗಿದ ಮೇಲೆ, ಜಾತ್ರೆಗೆ ಊರ ಹುಡುಗರು ನಾಟಕ ಕಟ್ಟುತ್ತಾರೆ. ಗಂಡು ಪಾತ್ರ ಮಾಡುವವರು ತಾವೇ ಪಟ್ಟಿ ಹಾಕಿ ದುಡ್ಡು ಕೊಡುತ್ತಾರೆ, ಹೆಣ್ಣು ಪಾತ್ರಕ್ಕೆ ಗದಗ, ಇಳಕಲ್ಲು, ಹುಬ್ಬಳ್ಳಿಯಿಂದ ನಮ್ಮನ್ನು ಕರೆಸುತ್ತಾರೆ. ಕಂಪನಿಯಲ್ಲಿ ತಿಂಗಳಿಗೆ ಸಿಗುತ್ತಿದ್ದದ್ದು ಅಲ್ಲಿ ಎರಡು ರಾತ್ರಿಗೆ ಸಿಗುತ್ತಿತ್ತು. ಮೇಲೆ ಆಯೇರಿ, ಅಂದರೆ ನೋಡುವವರು ಕೊಡುವ ಕಾಣಿಕೆ. ದುಃಖದ ಸೀನು ಅರ್ಧಕ್ಕೆ ನಿಲ್ಲಿಸಿ ಮೈಕಿನಲ್ಲಿ ಇಂಥವರು 51 ರೂಪಾಯಿ ಅಂತ ಕೂಗುವುದು, ನಾನು ಕಣ್ಣೀರು ಒರೆಸಿಕೊಂಡು ಕೈ ಮುಗಿಯುವುದು, ಮತ್ತೆ ಅಳು ಶುರು ಮಾಡುವುದು. ಪಟ್ಟಣದ ನಾಟಕದವರು ಇದನ್ನು ನೋಡಿ ನಗುತ್ತಾರೆ. ನಗಲಿ. ಮಗಳನ್ನು ಓದಿಸಿದ್ದು ಆ 51 ರೂಪಾಯಿಗಳೇ. ಆದರೆ ಅದು ವರ್ಷದಲ್ಲಿ ನಾಲ್ಕೈದು ತಿಂಗಳ ಮಾತು. ಮತ್ತೆ ನಾಯಕಿಗೆ ವಯಸ್ಸಾಯಿತು ಅಂತ ಮೊದಲು ಗೊತ್ತಾಗುವುದು ಹಳ್ಳಿಯವರಿಗೇ.

ಬೆಂಗಳೂರಿಗೆ ಹೋಗಿದ್ದು ಆಮೇಲೆ. ಸಿನಿಮಾದಲ್ಲಿ ಪಕ್ಕದ ಮನೆಯ ಹೆಂಗಸು, ಹೆರಿಗೆ ಮಾಡಿಸುವ ಸೂಲಗಿತ್ತಿ. ಸೀರಿಯಲ್ಲಿನಲ್ಲಿ ಅಜ್ಜಿ. ದಿನದ ಲೆಕ್ಕ, ನನಗೆ 2,000 ರೂಪಾಯಿ. ಕೇಳಲು ಚೆನ್ನಾಗಿದೆ ಅಲ್ವಾ? ತಿಂಗಳಿಗೆ ಆರೇಳು ದಿನ ಕೆಲಸ. ಮ್ಯಾನೇಜರ್ ಕಮಿಷನ್, ಆಟೋ, ಸೀರೆ ನಮ್ಮದೇ. ಹತ್ತು ಪರ್ಸೆಂಟ್ ಟಿಡಿಎಸ್, ಅಂದರೆ ಕೈಗೆ ಕೊಡುವ ಮೊದಲೇ ಹಿಡಿಯುವ ತೆರಿಗೆ. ಚೆಕ್ಕು ಬರುವುದು ಮೂರು ತಿಂಗಳ ಮೇಲೆ. ಕಥೆ ಕಾಲೇಜಿನ ಕಡೆ ತಿರುಗಿದರೆ ಅಜ್ಜಿಗೆ ಕೆಲಸವಿಲ್ಲ. ಒಂದು ಸಲ ಕೋಮಾದಲ್ಲಿರುವ ಅಜ್ಜಿಯ ಪಾತ್ರ ಬಂತು, ಸುಮ್ನೆ ಮಲಗಿದ್ದಕ್ಕೂ ಅದೇ 2,000. ನನ್ನ ವೃತ್ತಿಯಲ್ಲಿ ಅದೊಂದೇ ಸುಖದ ಸಂಪಾದನೆ! ಆ ಟಿಡಿಎಸ್ ವಾಪಸ್ ತಗೋಬಹುದು ಅಂತ ಹೇಳಿ, ಫೀಸು ತಗೊಳ್ಳದೆ ರಿಟರ್ನ್ ಹಾಕಿಕೊಟ್ಟ ಪಕ್ಕದ ಮನೆಯ ಹುಡುಗನಿಗೂ ಇಲ್ಲೇ ಥ್ಯಾಂಕ್ಸ್. ಹಳೇ ವರ್ಷಗಳದ್ದು ಹೋಯಿತು, ಈ ವರ್ಷದ್ದು ಬಂತು.

ಪಿಎಫ್ ಇಲ್ಲ, ಇಎಸ್‌ಐ ಇಲ್ಲ. ಕೂಡಿಟ್ಟ ಸ್ವಲ್ಪವೂ 2020ರಲ್ಲಿ ಕರಗಿತು. ಮಾರ್ಚ್ ಮೊದಲ ವಾರ ಶಿರಸಿಯ ಮಾರಿಕಾಂಬೆ ಜಾತ್ರೆಯ ನಾಟಕಗಳು, ತಿಂಗಳು ಮುಗಿಯುವುದರೊಳಗೆ ಲಾಕ್‌ಡೌನ್. ಆಮೇಲೆ ಎಷ್ಟು ದಿನ ಯಾರೂ ಬಣ್ಣ ಹಚ್ಚಲಿಲ್ಲ ಅಂತ ನಿಮಗೇ ಗೊತ್ತು. ಇದಿಷ್ಟು ನನ್ನ ಸಂಪಾದನೆ. ಕುಡಿತಕ್ಕೆ ಹೋಗಲಿಲ್ಲ, ಇಸ್ಪೀಟಿಗೆ ಹೋಗಲಿಲ್ಲ. ಬಂದಿದ್ದೇ ಅಷ್ಟು.

ಇನ್ನು ಆಸ್ಪತ್ರೆಯಲ್ಲಿ ಕಳೆದ ಆ ರಾತ್ರಿಯ ವಿಷಯ.

ಮಗಳು ಪುಣೆಯಲ್ಲಿದ್ದಳು, ಬರುವಷ್ಟರಲ್ಲಿ ಬೆಳಗಾಗುತ್ತಿತ್ತು. ಗದಗಿನಿಂದ ಸಿಕ್ಕ ಬಸ್ಸು ಹಿಡಿದು ಬಂದವರು ಮಾಮಾ. ಹೆಸರು ಹಾಕಬೇಡ ಅಂದಿದ್ದಾರೆ, ಹಾಕಲ್ಲ. ಕಂಪನಿಯಲ್ಲಿ ಎಲ್ಲರಿಗೂ ಅವರು ಮಾಮಾ, ನನಗೆ ಮಾತ್ರ ಅಣ್ಣ. ಅವರು ನಮ್ಮ ಪ್ರಾಂಪ್ಟರು.

ಪ್ರಾಂಪ್ಟರ್ ಅಂದರೆ ಏನು ಅಂತ ಈಗಿನವರಿಗೆ ಗೊತ್ತಿರಲಿಕ್ಕಿಲ್ಲ. ಸೈಡ್ ವಿಂಗಿನ ಹಿಂದೆ, ನಾಟಕದ ಕೈಬರಹದ ಪುಸ್ತಕ ಹಿಡಿದು, ಶುರುವಿನಿಂದ ಕೊನೆಯವರೆಗೆ ನಿಂತೇ ಇರುವವರು. ಮಾತು ಮರೆತ ನಟನಿಗೆ ಮಾತ್ರ ಕೇಳಿಸಬೇಕು, ಮೊದಲ ಸಾಲಿನ ಸೋಫಾದಲ್ಲಿ ಕೂತವರಿಗೆ ಕೇಳಿಸಬಾರದು. ಮಾಮಾ ತುಟಿ ಅಲ್ಲಾಡಿಸದೆ ಹೇಳುತ್ತಿದ್ದರು. ನಾನು ಉಸಿರು ತೆಗೆದುಕೊಳ್ಳುವ ರೀತಿಯಲ್ಲೇ ಮಾತು ಮರೆತಿದ್ದೇನೋ, ಬೇಕಂತ ನಿಲ್ಲಿಸಿದ್ದೇನೋ ಅವರಿಗೆ ತಿಳಿಯುತ್ತಿತ್ತು. ಬೇಕಂತ ನಿಲ್ಲಿಸಿದಾಗ ಒಂದು ದಿನವೂ ನಡುವೆ ಬಾಯಿ ಹಾಕಲಿಲ್ಲ. ಇದು ಸಣ್ಣ ವಿದ್ಯೆ ಅಲ್ಲ. ನನಗೆ ಸಿಕ್ಕ ಎಷ್ಟೋ ಚಪ್ಪಾಳೆ, ಅವರು ಸುಮ್ಮನಿದ್ದದ್ದಕ್ಕೆ ಸಿಕ್ಕಿದ್ದು.

ಅವತ್ತು ರಾತ್ರಿ ನನಗೆ ಸಾಯುವ ಹೆದರಿಕೆ ಆಗಲಿಲ್ಲ. ಬದುಕಿದರೆ ಬಿಲ್ಲು ಯಾರು ಕಟ್ಟುತ್ತಾರೆ ಅಂತ ಹೆದರಿಕೆ ಆಯಿತು. ಇದನ್ನು ಬರೆಯಲು ಕಷ್ಟವಾಗುತ್ತಿದೆ, ಮೊಮ್ಮಗಳು ಟೈಪ್ ಮಾಡುವುದು ನಿಲ್ಲಿಸಿ ನನ್ನ ಮುಖ ನೋಡುತ್ತಿದ್ದಾಳೆ. ಬರಿ ಪುಟ್ಟಿ, ನಿಜ ಅದು. ಮಗಳ ಮನೆ ಸಾಲದ ಕಂತು ನೆನಪಾಯಿತು. ಬಾಡಿಗೆ ಬಾಕಿ ನೆನಪಾಯಿತು. ಹೀಗೇ ಮುಗಿದರೆ ಒಳ್ಳೆಯದು ಅಂತ ಒಂದು ಗಳಿಗೆ ಅನಿಸಿತು. ಆ ಗಳಿಗೆ ಬಹಳ ಉದ್ದ ಇತ್ತು.

ಆಮೇಲೆ ಎಚ್ಚರ ತಪ್ಪಿ ಬಡಬಡಿಸಲು ಶುರು ಮಾಡಿದೆನಂತೆ. ಇದು ನರ್ಸ್ ಹೇಳಿದ್ದು. ಯಾವುದೋ ನಾಟಕದ ಮಾತು, ಗಂಡನನ್ನು ಬೈಯುವ ಸೀನು. ಮಾಮಾ ಹಾಸಿಗೆ ಪಕ್ಕದ ಸ್ಟೂಲಿನ ಮೇಲೆ ಕೂತು, "ಒಂದ್ ಮಾತ ಬಿಟ್ಟಿ ತಂಗಿ" ಅಂತ ಬಿಟ್ಟ ಮಾತು ಹೇಳಿಕೊಟ್ಟರಂತೆ. ನಾನು ಅದನ್ನು ಸರಿಯಾಗಿ ಹೇಳಿ ಮುಂದೆ ಹೋದೆನಂತೆ. ಬೆಳಗಿನ ತನಕ ಹೀಗೇ ನಡೆಯಿತು. ನರ್ಸ್ ಮೊದಲು ಇಬ್ಬರಿಗೂ ತಲೆ ಕೆಟ್ಟಿದೆ ಅಂದುಕೊಂಡಳಂತೆ. ಆಮೇಲೆ ಆ ಗಂಡನಿಗೆ ಕೊನೆಗೆ ಏನಾಯಿತು ಅಂತ ಮಾಮಾರನ್ನು ಕೇಳಿದಳಂತೆ.

ಬೆಳಗಾದ ಮೇಲೆ ನಮ್ಮ ಮನೆಗೆ ಹೋಗಿ, ಟ್ರಂಕಿನ ತಳದಿಂದ ರೇಷನ್ ಕಾರ್ಡು, ಆಧಾರ್ ಹುಡುಕಿ ತಂದವರೂ ಅವರೇ. ಬಿಪಿಎಲ್ ಕಾರ್ಡಿಗೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ ಕುಟುಂಬಕ್ಕೆ 5 ಲಕ್ಷದವರೆಗೆ ಚಿಕಿತ್ಸೆಯ ಖರ್ಚು ಸಿಗುತ್ತದೆ ಅಂತ ಅವರಿಗೆ ಗೊತ್ತಿತ್ತು, ನನಗೆ ಗೊತ್ತಿರಲಿಲ್ಲ. ಕೌಂಟರಿನಲ್ಲಿ ಒಬ್ಬರು, "ಟೀವಿಯಲ್ಲಿ ಬರೋರಿಗೆ ಬಿಪಿಎಲ್ ಕಾರ್ಡಾ?" ಅಂತ ನಕ್ಕರಂತೆ. ಮಾಮಾ, "ಟೀವ್ಯಾಗ ಬಂಗಾರ ಹಾಕ್ಕೊಂಡಿರ್ತಾಳ್ರೀ, ಅದನ್ನ ಸಂಜೀಕೆ ವಾಪಸ್ ಕೊಡಬೇಕಾಗ್ತೈತಿ" ಅಂದರಂತೆ. ಆಸ್ಪತ್ರೆಯಲ್ಲಿ ಆ ಯೋಜನೆಯ ಕಾಗದ ನೋಡುವ ಆರೋಗ್ಯ ಮಿತ್ರರ ಮುಂದೆ ಸಾಲಿನಲ್ಲಿ ನಿಂತು, ಕಾಗದ ಸರಿ ಮಾಡಿಸಿ, ಆಮೇಲೇ ಚಹಾ ಕುಡಿದಿದ್ದು. ದೊಡ್ಡ ಖರ್ಚು ಹಾಗೆ ನೀಗಿತು. ನೀವು ಕೊಟ್ಟಿದ್ದು ಬಾಡಿಗೆ ಬಾಕಿಗೆ, ಮನೆಗೆ ಬಂದ ಮೇಲಿನ ಮಾತ್ರೆಗೆ, ಕೆಲಸವಿಲ್ಲದ ಈ ತಿಂಗಳುಗಳಿಗೆ ಆಗುತ್ತಿದೆ.

ಸಹಾಯಾರ್ಥ ನಾಟಕದ ಕಲೆಕ್ಷನ್‌ನಲ್ಲಿ ಒಂದು ಪಾಲು ಮಾಮಾಗೆ ಕೊಡಲು ಹೋದೆ. ಬೈದರು. ನಾನು 150 ಎಣಿಸುವಾಗ ಅವರ ಪಗಾರ 60 ರೂಪಾಯಿ ಇತ್ತು. ನನಗೆ ಸರ್ಕಾರದ ಕಲಾವಿದರ ಮಾಸಾಶನ ಬರುತ್ತದೆ. ಅದಕ್ಕೆ ಅರ್ಜಿ ಹಾಕುವಾಗ ಹಳೇ ಹ್ಯಾಂಡ್‌ಬಿಲ್ಲು, ಫೋಟೋ, ಪ್ರಮಾಣಪತ್ರ ಅಂತ ಒಂದು ಗಂಟೇ ಕೊಟ್ಟಿದ್ದೆ. ಮಾಮಾ ಹತ್ತಿರ ಒಂದು ಚೂರು ಕಾಗದವಿಲ್ಲ. ಪ್ರಾಂಪ್ಟರ್ ಹೆಸರನ್ನು ಯಾವ ಹ್ಯಾಂಡ್‌ಬಿಲ್ಲಿನಲ್ಲಿ ಹಾಕುತ್ತಿದ್ದರು? ಇಷ್ಟು ವರ್ಷ ನಾಟಕದಲ್ಲಿ ಇದ್ದವರು, ಇದ್ದರು ಅನ್ನೋದಕ್ಕೆ ಸಾಕ್ಷಿಯಿಲ್ಲ. ನನಗೆ ಕಷ್ಟ ಬಂತು ಅಂದಾಗ ನೀವೆಲ್ಲ ಓಡಿ ಬಂದಿರಿ, ಯಾಕೆಂದರೆ ನನ್ನ ಮುಖ ನಿಮಗೆ ಗೊತ್ತಿತ್ತು. ನಾಳೆ ಅವರಿಗೆ ಬಂದರೆ?

ಹಾಗಾಗಿ ಥ್ಯಾಂಕ್ಸ್ ಹೇಳಲು ಬಂದವಳು ಇನ್ನೊಂದು ಕೇಳಿಯೇ ಹೋಗುತ್ತೇನೆ. 1975ರಿಂದ 90ರ ನಡುವೆ ನಮ್ಮ ಜೊತೆ ಕಂಪನಿಯಲ್ಲಿದ್ದವರು, ಅವರ ಮಕ್ಕಳು, ಆ ಕಾಲದ ಮಾಲೀಕರ ಮನೆಯವರು ಇದನ್ನು ಓದುತ್ತಿದ್ದರೆ, ಅಟ್ಟದ ಮೇಲೆ ಒಮ್ಮೆ ನೋಡಿ. ಪಗಾರ ಪುಸ್ತಕ ಇರಬಹುದು, ಅದರಲ್ಲಿ ಮಾಮಾ ಸಹಿ ಇರುತ್ತದೆ, ಇಂಗ್ಲಿಷಿನಲ್ಲಿ, ಬಹಳ ಶೋಕಿಯ ಸಹಿ. ಕ್ಯಾಂಪ್ ಮುಗಿದಾಗ ತೆಗೆಸುತ್ತಿದ್ದ ಗ್ರೂಪ್ ಫೋಟೋ ಇರಬಹುದು, ಹಿಂದಿನ ಸಾಲಿನ ತುದಿಯಲ್ಲಿ, ಕಂಕುಳಲ್ಲಿ ಪುಸ್ತಕ ಇಟ್ಟುಕೊಂಡು ನಿಂತವರು ಅವರೇ. ಸಿಕ್ಕರೆ ಮೊಬೈಲಿನಲ್ಲಿ ಫೋಟೋ ತೆಗೆದು ಕಳಿಸಿ, ಮೂಲ ಪ್ರತಿ ಬೇಕಾದರೆ ಮೊಮ್ಮಗಳೇ ಬಂದು ತರುತ್ತಾಳೆ. ಮಾಮಾಗೆ ಮಾತ್ರ ಹೇಳಬೇಡಿ. ಅರ್ಜಿಗೆ ಸಹಿ ಮಾಡಿಸುವ ದಿನ ನಾನೇ ಜಗಳ ಆಡುತ್ತೇನೆ.